ಊರು ಬಿಟ್ಟವರ ಹೆಸರು

ಆಳಂದದ ಪೇಟೆಯಲ್ಲಿ ನಿಂತು “ಜೇವರ್ಗಿಯವರ ಮನೆ ಯಾವುದು?” ಎಂದು ಕೇಳಿ ನೋಡಿರಿ, ಯಾರಾದರೂ ತೋರಿಸಿಯಾರು. ಜೇವರ್ಗಿಯಲ್ಲಿ ಅದೇ ಮಾತು ಕೇಳಿದರೆ ನಕ್ಕಾರು. ಅಲ್ಲಿ ಎಲ್ಲರೂ ಜೇವರ್ಗಿಯವರೇ! ಊರಲ್ಲಿರುವತನಕ ಗೌಡ, ಕುಲಕರ್ಣಿ, ಬಡಿಗೇರ. ಊರು ಬಿಟ್ಟ ಮೇಲೆ ಬಿಟ್ಟ ಊರೇ ಅಡ್ಡಹೆಸರು. ಅದನ್ನು ಇಟ್ಟವರು ನಮ್ಮವರಲ್ಲ, ಹೋದ ಊರಿನ ನೆರೆಯವರು.

ಇದರಿಂದ ತೊಡಕೂ ಉಂಟು. ಕರಜಗಿ ಎಂಬ ಹೆಸರನ್ನೇ ತೆಗೆದುಕೊಳ್ಳಿರಿ. ಅಫಜಲಪುರ ತಾಲೂಕಿನಲ್ಲಿ ಒಂದು ಕರಜಗಿ. ಹಾವೇರಿಯ ಹತ್ತಿರ ವರದಾ ನದಿಯ ಕಡೆಗೆ ಇನ್ನೊಂದು. ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತ ತಾಲೂಕುಗಳಲ್ಲಿಯೂ ಒಂದೊಂದು. 1956ರ ಏಕೀಕರಣದವರೆಗೆ ಮೊದಲಿನದು ಹೈದರಾಬಾದ್ ರಾಜ್ಯದಲ್ಲಿ, ಎರಡನೆಯದು ಮುಂಬಯಿ ರಾಜ್ಯದಲ್ಲಿ ಇದ್ದವು. ಈಗ ಕರಜಗಿ ಎಂಬ ಅಡ್ಡಹೆಸರಿನ ಎರಡು ಮನೆಗಳವರು ನಗರದಲ್ಲಿ ಎದುರಾದರೆ, “ನೀವೂ ನಮ್ಮವರೇ” ಎಂದು ಒಬ್ಬರು ಹಿಗ್ಗುತ್ತಾರೆ; ಕನ್ಯೆ ನೋಡಹೊರಟವರಾದರೆ, “ಅಣ್ಣತಮ್ಮಂದಿರ ಮನೆಯಾದೀತು” ಎಂದು ಹಿಂಜರಿಯುತ್ತಾರೆ. ಎರಡಕ್ಕೂ ಆ ಹೆಸರೊಂದೇ ಆಧಾರವಾಗಲಾರದು.

ಇಂಗ್ಲೆಂಡಿನಲ್ಲಿಯೂ ಇದೇ ಪಾಡು. ಅಮೆರಿಕದ ಮೊದಲ ಅಧ್ಯಕ್ಷನಿಂದ ಜಗತ್ತೆಲ್ಲ ಬಲ್ಲ ವಾಷಿಂಗ್ಟನ್ ಎಂಬುದು ಮೂಲತಃ ಊರ ಹೆಸರು. ಉತ್ತರದ ಡರ್‌ಹ್ಯಾಮ್ ಸೀಮೆಯಲ್ಲಿ ಒಂದು ವಾಷಿಂಗ್ಟನ್, ತೆಂಕಣ ಸಸೆಕ್ಸಿನಲ್ಲಿ ಮತ್ತೊಂದು. 12ನೆಯ ಶತಮಾನದ ಕೊನೆಗೆ ಹರ್ಟ್‌ಬರ್ನಿನ ವಿಲಿಯಂ ಎಂಬವನಿಗೆ ಡರ್‌ಹ್ಯಾಮಿನ ವಾಷಿಂಗ್ಟನ್ ಜಹಗೀರು ಕೈಸೇರಿತು. ಆತ ಹರ್ಟ್‌ಬರ್ನ್ ಎಂಬ ಹಳೆಯ ಊರಿನ ಹೆಸರನ್ನು ಬಿಟ್ಟು ಹೊಸ ಊರಿನದನ್ನು ಧರಿಸಿದ. ಇಲ್ಲಿ ಒಂದು ಸೂಕ್ಷ್ಮವಿದೆ: ಒಡೆಯನಾದವನು ತಾನು ಸೇರಿದ ಊರಿನ ಹೆಸರು ಹೊತ್ತ, ನಮ್ಮ ಬಡ ವಲಸೆಗಾರ ತಾನು ಬಿಟ್ಟ ಊರಿನದನ್ನು ಹೊತ್ತ.

ಮುಂದೆ ಆ ಮನೆತನದವರೂ ಊರು ಬಿಟ್ಟರು. ಒಂದು ಕವಲು ಸಲ್‌ಗ್ರೇವಿಗೆ ಹೋಗಿ ನೆಲೆಸಿತು. ಅದೇ ಕವಲಿನ ಜಾನ್ ವಾಷಿಂಗ್ಟನ್, ಅಂದರೆ ಅಧ್ಯಕ್ಷನ ಮುತ್ತಜ್ಜ, 17ನೆಯ ಶತಮಾನದಲ್ಲಿ ವರ್ಜೀನಿಯಕ್ಕೆ ಕಡಲು ದಾಟಿದ. ಡರ್‌ಹ್ಯಾಮಿನ ಹಳೆಯ ವಾಡೆ ಮಾತ್ರ ಕಾಲಕ್ರಮದಲ್ಲಿ ಕೋಣೆಕೋಣೆಗೆ ಬಾಡಿಗೆಯಾಗಿ ಒಂಬತ್ತು ಸಂಸಾರಗಳ ವಠಾರವಾಯಿತು. 1933ರಲ್ಲಿ ವಾಸಕ್ಕೆ ಅಯೋಗ್ಯವೆಂದು ತೆರವಾಯಿತು. ಫ್ರೆಡ್ ಹಿಲ್ ಎಂಬ ಊರ ಶಾಲಾ ಮಾಸ್ತರರು ಮುಂದೆ ನಿಂತು ಕೆಡವುವವರ ಕೈಯಿಂದ ಅದನ್ನು ಉಳಿಸಿದರು. 1955ರಲ್ಲಿ ಅದರ ಬಾಗಿಲು ಜನರಿಗೆ ತೆರೆಯಿತು. ಸಸೆಕ್ಸಿನ ವಾಷಿಂಗ್ಟನ್ನಿಗೂ ಈ ವಾಡೆಗೂ ಸಂಬಂಧವಿಲ್ಲ. ಹೆಸರು ಮಾತ್ರ ಒಂದೇ.

ಆದ್ದರಿಂದ ನಿಮ್ಮ ಮನೆಯ ಹಿರಿಯರನ್ನು ಕೇಳಿರಿ: ನಮ್ಮದು ಯಾವ ಕರಜಗಿ? ಮನೆದೇವರ ಜಾತ್ರೆಗೆ ಯಾವ ಕಡೆಗೆ ಬಂಡಿ ಕಟ್ಟುತ್ತಿದ್ದರು? ಬೆಡಗು ಯಾವುದು? ಸಾಮಾನ್ಯವಾಗಿ ಅಜ್ಜಿಗೆ ಗೊತ್ತಿರುತ್ತದೆ, ಅಜ್ಜನಿಗಲ್ಲ.