ಲಾಳ ಕಿತ್ತುಕೊಂಡ ಹಿಡಿತ



ಶಿವಗಂಗೆ ಬೆಟ್ಟ ಹತ್ತಿದವರಿಗೆ ಗೊತ್ತು. ನುಣುಪು ಬಂಡೆಯ ಮೇಲೆ ಬರಿಗಾಲಿನ ಅಜ್ಜಿ ಸಲೀಸಾಗಿ ಮೇಲೇರುತ್ತಾಳೆ. ಅಟ್ಟೆ ಸವೆದ ಬೂಟಿನ ಮೊಮ್ಮಗ ಕಂಬಿ ಹಿಡಿದು ತಡವರಿಸುತ್ತಾನೆ. ಕುದುರೆಯ ಕಥೆಯೂ ಇದೇ. ಬರಿ ಗೊರಸಿನ ನಡುವೆ ರಬ್ಬರಿನಂಥ ಮೆತ್ತನೆಯ ಭಾಗವಿದೆ, ಅದು ನೆಲ ಕಚ್ಚುತ್ತದೆ. ಕಾಲಿಗೆ ಕಬ್ಬಿಣ ಬಡಿದ ಮೇಲೆ ಗೊರಸೇನೋ ಉಳಿಯಿತು, ಹಿಡಿತ ಹೋಯಿತು. ಹೋದದ್ದನ್ನು ಮರಳಿ ತರಲು ಮನುಷ್ಯ ಮಾಡಿದ ಉಪಾಯಗಳ ಚರಿತ್ರೆಯೇ ಇವತ್ತಿನ ಮಾತು.

ರೋಮನ್ನರು ಗೊರಸಿಗೆ ಲೋಹದ ಪಾದರಕ್ಷೆಯನ್ನು ಕಟ್ಟುತ್ತಿದ್ದರು. ಮೊಳೆ ಹೊಡೆದ ಲಾಳ ಯುರೋಪಿನಲ್ಲಿ ಸಾಮಾನ್ಯವಾದದ್ದು ಸುಮಾರು ಸಾವಿರ ವರ್ಷಗಳ ಹಿಂದೆ. ನಮ್ಮ ಕಡೆ? 13ನೇ ಶತಮಾನದಲ್ಲಿ ತಮಿಳು ಕರಾವಳಿಗೆ ಬಂದ ಮಾರ್ಕೊ ಪೋಲೊ ಒಂದು ಮಾರ್ಮಿಕ ಸಂಗತಿ ಬರೆದಿದ್ದಾನೆ: ಕುದುರೆ ಮಾರಲು ಬರುವ ವರ್ತಕರು ಲಾಳಗಾರರನ್ನು ಕರೆತರುವುದಿಲ್ಲ, ಬೇರೆಯವರು ಬರುವುದಕ್ಕೂ ಬಿಡುವುದಿಲ್ಲ. ಕುದುರೆ ಬೇಗ ಸತ್ತಷ್ಟೂ ವ್ಯಾಪಾರ ಜೋರು! ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರೆಂದು ಪೋರ್ಚುಗೀಸ್ ವರ್ತಕ ನೂನಿಜ್ ಬರೆದದ್ದನ್ನು ಓದುವಾಗ ನನಗೆ ಈ ಕುತಂತ್ರ ನೆನಪಾಗುತ್ತದೆ.

ಹಿಡಿತವಿಲ್ಲದ ಲಾಳದ ಬೆಲೆ ಏನೆಂದು ತೋರಿಸಿದ್ದು 1812ರ ಚಳಿಗಾಲ. ಮಾಸ್ಕೋದಿಂದ ಹಿಂದಿರುಗುತ್ತಿದ್ದ ನೆಪೋಲಿಯನ್ನನ ಸೈನ್ಯದ ಕುದುರೆಗಳಿಗೆ ನುಣುಪು ಲಾಳ. ಹಿಮದ ಮೇಲೆ ಅವು ಬಿದ್ದವು, ಎದ್ದವು, ಮತ್ತೆ ಬಿದ್ದವು, ಕೊನೆಗೆ ಏಳಲೇ ಇಲ್ಲ. ಅಶ್ವಶಾಲೆಯ ಮುಖ್ಯಸ್ಥ ಕೋಲೆನ್‌ಕೂರ್ ಮಾತ್ರ ಚಕ್ರವರ್ತಿಯ ಸ್ವಂತ ಕುದುರೆಗಳಿಗೆ ಹಿಮಕ್ಕೊಪ್ಪುವ ಮುಳ್ಳಿನ ಲಾಳ ಹಾಕಿಸಿದ್ದ. ಡಿಸೆಂಬರಿನಲ್ಲಿ ವಿಲ್ನಾ ಊರಾಚೆಯ ಪೊನಾರಿ ದಿಬ್ಬಕ್ಕೆ ಬಂದಾಗ ಗಾಡಿಗಳು ಹತ್ತಲಾರದೆ ನಿಂತವು. ಸೈನ್ಯದ ಖಜಾನೆಯೇ ಅಲ್ಲಿ ಸೂರೆ ಹೋಯಿತು. ದೊಡ್ಡ ದಿಬ್ಬವೂ ಅಲ್ಲ ಅದು. ನಮ್ಮ ಶಿವಗಂಗೆಯ ಮುಂದೆ ಅದನ್ನು ಬೆಟ್ಟವೆಂದರೆ ನಗು ಬರುತ್ತದೆ.

ಹಿಡಿತಕ್ಕೆಂದು ಮೊದಲೆಲ್ಲ ಲಾಳದ ಹಿಂತುದಿಯನ್ನೇ ಕುಲುಮೆಯಲ್ಲಿ ಕಾಯಿಸಿ ಕೆಳಕ್ಕೆ ಬಗ್ಗಿಸುತ್ತಿದ್ದರು, ಇಲ್ಲವೇ ಚೂಪು ತಲೆಯ ಮೊಳೆ ಹೊಡೆಯುತ್ತಿದ್ದರು. ಅದು ಸವೆದರೆ ಮತ್ತೆ ಕುಲುಮೆಗೇ ಹೋಗಬೇಕು. 19ನೇ ಶತಮಾನದಲ್ಲಿ ತಿರುಪಿನ ಮುಳ್ಳು ಬಂತು: ಬೇಕಾದಾಗ ತಿರುಗಿಸಿ ಹಾಕು, ಬೇಡವಾದಾಗ ತೆಗೆ. ಸವಾರರು ಇಂದು ಸ್ಟಡ್ ಎನ್ನುವುದು ಇದನ್ನೇ.

ನಮ್ಮ ಎತ್ತಿಗೆ ಈ ಭಾಗ್ಯವಿರಲಿಲ್ಲ. ಸೀಳು ಗೊರಸಾದ್ದರಿಂದ ಕಾಲಿಗೆ ಎರಡೆರಡು ತಗಡು. ಹಗ್ಗ ಹಾಕಿ ಕೆಡವಿ, ಕಾಲು ಬಿಗಿದು, ಗೊರಸು ಹೆರೆದು ಮೊಳೆ ಹೊಡೆಯುತ್ತಿದ್ದರು. ಮೊಳೆಯ ತಲೆ ಉಬ್ಬಿರುವವರೆಗೆ ಹಿಡಿತ; ಸವೆದರೆ ಡಾಂಬರು ರಸ್ತೆಯಲ್ಲಿ ಜಾರಾಟ. ಬೆಂಗಳೂರಿನ ಜಟಕಾ ಕುದುರೆಗಳ ಪಾಡೂ ಹೆಚ್ಚುಕಡಿಮೆ ಇದೇ ಆಗಿತ್ತು.

ಈಗ ಸ್ಟಡ್ ಹೆಚ್ಚಾಗಿ ಬೇಕಾಗುವುದು ಕ್ರೀಡೆಗೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ, ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೆಯವನಾದ ಇವೆಂಟಿಂಗ್ ಸ್ಪರ್ಧೆಯನ್ನೇ ನೋಡಿ. ಅದರ ಒಂದು ಘಟ್ಟದಲ್ಲಿ ಬಯಲು, ದಿಬ್ಬ, ನೀರು ದಾಟಿ ಓಡಬೇಕು. ಹಸಿ ಹುಲ್ಲಿನ ಮೇಲೆ ತಿರುವಿನಲ್ಲಿ ಕಾಲು ಜಾರಿದರೆ ಕುದುರೆಯೂ ಸವಾರನೂ ಒಟ್ಟಿಗೆ ನೆಲಕ್ಕೆ. ಗಟ್ಟಿ ನೆಲಕ್ಕೆ ಸಣ್ಣ ಚೂಪು ಸ್ಟಡ್, ಕೆಸರಿಗೆ ದಪ್ಪನೆಯದು. ಒಂದೇ ಬದಿಗೆ ಹಾಕಿದರೆ ಗೊರಸು ವಾಲುತ್ತದೆ. ಎರಡೂ ಬದಿಗೆ ಹಾಕುವುದಾದರೆ ಒಳಬದಿಯದು ಚಿಕ್ಕದಿರಬೇಕು, ಪಕ್ಕದ ಕಾಲಿಗೆ ತಾಗಬಾರದು.

ಆದರೆ ಹಿಡಿತ ಹೆಚ್ಚಾದರೂ ಕೇಡೇ. ನೆಲ ಮುಟ್ಟಿದ ಗೊರಸು ತುಸು ಜಾರಬೇಕು, ಆ ಜಾರುವಿಕೆಯಲ್ಲೇ ಪೆಟ್ಟು ಕಡಿಮೆಯಾಗುತ್ತದೆ. ಥಟ್ಟನೆ ಕಚ್ಚಿ ನಿಂತರೆ ಅಷ್ಟೂ ಭಾರ ಕೀಲಿಗೆ, ಸ್ನಾಯುರಜ್ಜುವಿಗೆ. ಹಾಗಾಗಿ ಕೆಲಸಕ್ಕೆ ಸಾಲುವಷ್ಟೇ, ಅತಿ ಚಿಕ್ಕ ಸ್ಟಡ್ ಆರಿಸುವವನೇ ಜಾಣ ಅನ್ನುವುದು ನನ್ನ ಅಭಿಪ್ರಾಯ.

ಸ್ಟಡ್ಡಿನ ಆರೈಕೆಯಲ್ಲಿ ತಪ್ಪುವುದೇ ಹೆಚ್ಚು. ಅದನ್ನು ಕೂರಿಸಲು ಲಾಳಗಾರ ಲಾಳದಲ್ಲಿ ಕೊರೆದುಕೊಟ್ಟ ತೂತಿನಲ್ಲಿ ಮಣ್ಣು, ಕಲ್ಲುಚೂರು ತುಂಬುತ್ತವೆ. ಸ್ಪರ್ಧೆಯ ಬೆಳಿಗ್ಗೆ, ಕುದುರೆ ಕಾಲು ಝಾಡಿಸುತ್ತಿರುವಾಗ, ಅದನ್ನು ಕೆರೆಯಲು ಕೂರುವುದು ಯಾರಿಗೂ ಬೇಡದ ಶಿಕ್ಷೆ. ಹಿಂದಿನ ರಾತ್ರಿಯೇ ಮೊಳೆಯಿಂದ ಶುಚಿ ಮಾಡಿ, ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿಟ್ಟರೆ ಆಯಿತು. ತೂತಿನೊಳಗಿನ ತಿರುಪು ಕೆಟ್ಟಿದ್ದರೆ ತಿರುಪು ಕೊರೆಯುವ ಉಪಕರಣವಾದ ಟ್ಯಾಪನ್ನು ನೆಟ್ಟಗೆ ಹಾಯಿಸಬೇಕು. ಓರೆಯಾದರೆ ತೂತೇ ಹಾಳು. ಆ ಹೊತ್ತಿನಲ್ಲಿ ಕುದುರೆ ಕಾಲು ಕೆಳಗಿಡದಂತೆ ಹಿಡಿದಿರಬೇಕು. ಓಟ ಮುಗಿದ ಮೇಲೆ ಸ್ಪ್ಯಾನರಿನಿಂದ ಒಂದೊಂದೇ ಬಿಚ್ಚಿ, ಉಜ್ಜಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿಡಿ. ಸ್ಟಡ್ ಹಾಕಿದ ಕುದುರೆಯನ್ನು ಲಾರಿ ಹತ್ತಿಸಬೇಡಿ, ಲಾಯದಲ್ಲಿ ಕಟ್ಟಲೂಬೇಡಿ. ಗಟ್ಟಿ ನೆಲದಲ್ಲಿ ಅದರ ಪಾದ ಸಮವಾಗಿ ಕೂರುವುದಿಲ್ಲ, ತನ್ನ ಕಾಲನ್ನು ತಾನೇ ತುಳಿದು ಗಾಯ ಮಾಡಿಕೊಳ್ಳುತ್ತದೆ.