ಶಿಲೆಯ ಜಾತಕ

ನಮ್ಮ ಉಳ್ಳಾಲದಿಂದ ಬಡಗಣಕ್ಕೆ, ಮಲ್ಪೆಯೆದುರಿನ ಸೇಂಟ್ ಮೇರಿ ದ್ವೀಪದ ಕಂಬಗಲ್ಲುಗಳಿಗೆ ಪ್ರಾಯವೆಷ್ಟು? 'ಅನಾದಿ' ಎಂದುಬಿಡುವುದು ನಮ್ಮಂಥ ಪಂಡಿತರಿಗೆ ಸುಲಭ, ವಿಜ್ಞಾನಿಗಳು ಒಪ್ಪರು.

ಕೇಳುಗರೇ, ಕಲ್ಲಿನ ಪೊಟಾಸಿಯಮಿನಲ್ಲಿ ವಿಕಿರಣ ಸೂಸುವ ಬಗೆಯೊಂದು ಅತ್ಯಲ್ಪವಾಗಿ ಬೆರೆತಿದೆ. 125 ಕೋಟಿ ವರ್ಷಗಳಲ್ಲಿ ಅದರ ಅರ್ಧ ಕ್ಷಯಿಸುತ್ತದೆ. ಕ್ಷಯಿಸಿದ್ದರಲ್ಲಿ ಸ್ವಲ್ಪ ಪಾಲು ಆರ್ಗಾನ್ ಅನಿಲವಾಗುತ್ತದೆ. ಶಿಲಾರಸ ಕುದಿಯುವಾಗ ಆ ಅನಿಲ ಹಾರಿಹೋಗುವುದು. ರಸ ಹೆಪ್ಪುಗಟ್ಟಿದ ಮೇಲೆ ಹುಟ್ಟಿದ್ದು ಸೆರೆಯಾಗುವುದು. ಸೆರೆಸಿಕ್ಕ ಆರ್ಗಾನನ್ನೂ ಉಳಿದ ಪೊಟಾಸಿಯಮನ್ನೂ ಅಳೆದರೆ ಕಲ್ಲಿನ ಜನ್ಮಕಾಲ ದೊರೆಯಿತು.

ದ್ವೀಪದ ಕಲ್ಲಿಗೆ ಆರ್ಗಾನ್ ಹೇಳಿದ ಪ್ರಾಯ ಸುಮಾರು 8.5 ಕೋಟಿ ವರ್ಷ. ಯುರೇನಿಯಮ್ ಸೀಸವಾಗುವ ಲೆಕ್ಕದಲ್ಲಿ ಜಿರ್ಕಾನ್ ಹರಳು ಹೇಳಿದ್ದು 9.1 ಕೋಟಿ. ಯಾರನ್ನು ನಂಬೋಣ? ಮರಳಿ ಕಾದ ಕಲ್ಲು ಆರ್ಗಾನನ್ನು ಬಿಟ್ಟುಕೊಟ್ಟು ಕಿರಿಯನಂತೆ ತೋರೀತು. ಜಿರ್ಕಾನ್ ಮಾತ್ರ ಬಲು ಹಟಮಾರಿ. ಎರಡು ಲೆಕ್ಕವೂ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಆಸುಪಾಸಿನಲ್ಲೇ ನಿಲ್ಲುತ್ತವೆ.