ಕಲಿಯುವ ಜಾಗದಲ್ಲೇ ದುಡಿಮೆ



ವಸಂತಪುರದಿಂದ ಬೆಳಿಗ್ಗೆ ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಬಡವರ ಮನೆಯ ಹುಡುಗನಿಗೆ ಓದಿನ ಜೊತೆ ದುಡಿಮೆಯೂ ಬೇಕಾದರೆ, ಅದು ಸಿಗುವುದು ಸಾಮಾನ್ಯವಾಗಿ ಕಾಲೇಜಿನ ಹೊರಗೆ. ಅಂಗಡಿಯ ಲೆಕ್ಕ, ಮನೆಪಾಠ, ಇಲ್ಲವೇ ರಾತ್ರಿ ಹೊತ್ತು ಮನೆಮನೆಗೆ ಊಟ ತಲುಪಿಸುವ ಕೆಲಸ. ಅವನು ಓದುವ ಕ್ಯಾಂಪಸ್ಸೇ ಅವನಿಗೆ ಕೆಲಸ ಕೊಡಬಾರದೇಕೆ?

ದುಡಿಯುತ್ತಾ ಓದುವುದು ನಮ್ಮಲ್ಲಿ ಹೊಸದಲ್ಲ. ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚು ತೂಗಿಸಿಕೊಂಡರು, 1881ರಲ್ಲಿ ಬಿ.ಎ. ಮುಗಿಸಿದರು. ಅದು ಒಬ್ಬ ವಿದ್ಯಾರ್ಥಿಯ ಛಲ. ಅಂಥ ದುಡಿಮೆಯನ್ನು ಒಂದು ವ್ಯವಸ್ಥೆಯಾಗಿ ಬೆಳೆಸಿದವರು ನೆರೆಯ ಮಹಾರಾಷ್ಟ್ರದ ಕರ್ಮವೀರ ಭಾವೂರಾವ್ ಪಾಟೀಲರು. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಅವರ ಸಾತಾರದ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಯ ಹುಡುಗರೂ ಒಟ್ಟಿಗೆ ಉಂಡು, ಒಟ್ಟಿಗೆ ದುಡಿದು ಓದಿದರು. ಅಮೆರಿಕದಲ್ಲಿ 1964ರ ಕಾನೂನೊಂದು ಬಡ ವಿದ್ಯಾರ್ಥಿಗೆ ಕಾಲೇಜಿನಲ್ಲೇ ಕೆಲಸ ಕೊಡಿಸಿ, ಕೂಲಿಯ ದೊಡ್ಡ ಪಾಲನ್ನು ಕೇಂದ್ರ ಸರಕಾರವೇ ಭರಿಸುವಂತೆ ಮಾಡಿತು.

ಕ್ಯಾಂಪಸ್ಸಿನಲ್ಲಿ ಅಂಥ ಕೆಲಸ ಏನಿದೆ ಎನ್ನಬಹುದು. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಯದು ಸುಮಾರು 1,100 ಎಕರೆ. ಇಂಥ ಕಡೆ ಎಷ್ಟು ಕೊಠಡಿಗಳಿವೆ, ಯಾವುದು ಯಾವ ಹೊತ್ತು ಖಾಲಿ ಎಂಬ ಲೆಕ್ಕವೇ ದೊಡ್ಡ ಕೆಲಸ. ಒಂದು ಉದಾಹರಣೆ ನೋಡಿ. 60 ಆಸನಗಳ ಕೊಠಡಿಯೊಂದು ವಾರಕ್ಕೆ 40 ಗಂಟೆ ತೆರೆದಿದ್ದು, ಪಾಠ ನಡೆಯುವುದು 20 ಗಂಟೆ, ಕೂರುವವರು 30 ಜನ ಎಂದುಕೊಳ್ಳಿ. ಆಗ ಅರ್ಧದಲ್ಲಿ ಅರ್ಧ, ಅಂದರೆ ನಿಜವಾದ ಬಳಕೆ ಕಾಲು ಭಾಗ ಮಾತ್ರ. ಹೊಸ ಕಟ್ಟಡಕ್ಕೆ ಹಣ ಕೇಳುವ ಮೊದಲು ಈ ಲೆಕ್ಕ ಕೈಯಲ್ಲಿರಬೇಕು. ಟೇಪು ಹಿಡಿದು ಕೊಠಡಿ ಅಳೆಯುವುದು, ಬೆಂಚು ಎಣಿಸುವುದು, ಹಳೆಯ ನಕ್ಷೆ ತಿದ್ದುವುದು ವಿದ್ಯಾರ್ಥಿಗಳು ಮಾಡಬಲ್ಲ ಕೆಲಸ. ಗಾಲಿಕುರ್ಚಿ ಹಾಯಲಾರದ ಬಾಗಿಲು ಯಾವುದೆಂದು ದಿನವೂ ಅಲ್ಲಿ ಓಡಾಡುವವರಿಗೇ ಚೆನ್ನಾಗಿ ಗೊತ್ತು.

ಆದರೆ ಎಚ್ಚರವೂ ಬೇಕು. ಕಸ ಗುಡಿಸುವವರನ್ನು ಬಿಡಿಸಿ ಆ ಕೆಲಸವನ್ನು ಅಗ್ಗದ ಕೂಲಿಗೆ ವಿದ್ಯಾರ್ಥಿಗೆ ಕೊಟ್ಟರೆ ಎರಡೂ ಮನೆಗೆ ಅನ್ಯಾಯ. ಪರೀಕ್ಷೆಯ ದಿನಗಳಲ್ಲಿ ಬಿಡುವಿರಬೇಕು, ಕೂಲಿ ತಿಂಗಳು ತಿಂಗಳು ತಪ್ಪದೆ ಕೈಸೇರಬೇಕು. 'ಸೇವೆ' ಎಂದು ಹೆಸರಿಟ್ಟು ಬಿಟ್ಟಿಯಾಗಿ ದುಡಿಸಿಕೊಳ್ಳಬಾರದು.

ಹೀಗೆ ನಡೆದರೆ ಆ ಹುಡುಗ ಸಂಜೆ ಗ್ರಂಥಾಲಯದಲ್ಲಿ ಒಂದು ಗಂಟೆ ಹೆಚ್ಚು ಕೂರಬಹುದು; ಮನೆಯಲ್ಲಿ ಫೀಸಿನ ಮಾತು ಬಂದಾಗ ತಲೆ ತಗ್ಗಿಸಬೇಕಾಗದು.